ಬೇನೆ ಮತ್ತು ಭಾವನೆ



ಆಡು ಹೊತ್ತ ಬ್ರಾಹ್ಮಣನ ಕಥೆ ನಿಮಗೆಲ್ಲ ಗೊತ್ತು. ಆಡನ್ನು ಹೆಗಲ ಮೇಲೆ ಹೊತ್ತುಕೊಂಡು ಊರಿಗೆ ಹೊರಟಿದ್ದ. ಮೂವರು ಕಳ್ಳರು ಕಂಡರು. ಬಡಿದು ಕಸಿದುಕೊಳ್ಳಲಿಲ್ಲ, ಅದಕ್ಕೆ ಶ್ರಮ ಬೇಕು. ದಾರಿಯಲ್ಲಿ ದೂರ ದೂರ ನಿಂತರು, ಅಷ್ಟೆ. ಮೊದಲನೆಯವ ಕೇಳಿದ, "ಸ್ವಾಮೀ, ನಾಯಿಯನ್ನೇಕೆ ಹೊತ್ತಿದ್ದೀರಿ?" ಬ್ರಾಹ್ಮಣ ಬೈದು ಮುಂದೆ ನಡೆದ. ಎರಡನೆಯವನೂ ಅದನ್ನೇ ಕೇಳಿದ. ಬ್ರಾಹ್ಮಣ ಆಡನ್ನು ಕೆಳಗಿಳಿಸಿದ. ಕಿವಿ ನೋಡಿದ, ಬಾಲ ನೋಡಿದ, ಮತ್ತೆ ಹೊತ್ತುಕೊಂಡ. ಮೂರನೆಯವ ಕೇಳಿದಾಗ ಹೊತ್ತದ್ದನ್ನು ಬಿಸುಟು ಓಡಿಬಿಟ್ಟ.

ನಾವು ಈ ಕಥೆ ಕೇಳಿ ನಗುತ್ತೇವೆ. ಆದರೆ ಒಂದು ವಿಚಾರ ಮಾಡಿರಿ. ಆ ಬ್ರಾಹ್ಮಣನ ಮುಂದೆ ಆಡು ಇತ್ತು. ಕಣ್ಣಿಗೆ ಕಾಣುತ್ತಿತ್ತು, ಕೈಗೆ ಸಿಗುತ್ತಿತ್ತು, ಬ್ಯಾ ಎಂದು ಕೂಗುತ್ತಿತ್ತು. ಆದರೂ ಮೂರು ಮಾತಿಗೆ ಅವನು ಸೋತ. ನಮ್ಮ ಶರೀರದ ಒಳಗೆ ಏನು ನಡೆದಿದೆ ಎಂಬುದು ನಮಗೆ ಕಾಣುತ್ತದೆಯೇ? ಹೃದಯ ಕಂಡವರುಂಟೇ? ಪಿತ್ತಕೋಶ ಎಲ್ಲಿದೆ ಎಂದು ಕೇಳಿದರೆ ಎಷ್ಟು ಜನ ಸರಿಯಾದ ಕಡೆ ಕೈಯಿಟ್ಟು ತೋರಿಸೀರಿ? ಕಾಣುವ ಆಡೇ ನಾಯಿಯಾಗುವುದಾದರೆ, ಕಾಣದ ಶರೀರದ ಗತಿ ಏನು?

ಒಬ್ಬಾತ ಬೆಳಿಗ್ಗೆ ರೊಟ್ಟಿ ಉಂಡು ಹುರುಪಿನಿಂದ ಸಂತೆಗೆ ಹೊರಡುತ್ತಾನೆ. ಅಗಸಿಯಲ್ಲಿ ಒಬ್ಬ, "ಯಾಕೋ ತಮ್ಮಾ, ಮಾರಿ ಬಾಡೇತಿ?" ಎನ್ನುತ್ತಾನೆ. ಹಳ್ಳದ ದಂಡೆಯಲ್ಲಿ ಇನ್ನೊಬ್ಬ, "ಆರಾಮ ಇಲ್ಲೇನು? ಭಾಳ ಸೊರಗೀಯಲ್ಲ" ಎನ್ನುತ್ತಾನೆ. ಸಂತೆಯಲ್ಲಿ ಬೀಗರು ಸಿಗುತ್ತಾರೆ. "ಹಿಂಗ ಸೊರಗಿದ ನಮ್ಮ ಕಾಕಾ ಮೂರ ತಿಂಗಳದಾಗ ಹೋದ" ಎಂದು, ಕೇಳದೆ ಇದ್ದರೂ, ಹೇಳಿಬಿಡುತ್ತಾರೆ. ಸಂಜೆ ಮನೆಗೆ ಬಂದವನಿಗೆ ಊಟ ಸೇರುವುದಿಲ್ಲ. ಕಾಲು ಸೋತಿವೆ, ಎದೆ ಹಾರುತ್ತದೆ. ರೋಗ ಎಲ್ಲಿಂದ ಬಂತು? ಅಗಸಿಯಿಂದ ಹಿಂದೆಯೇ ಬಂತು.

ಇದು ಅಳ್ಳೆದೆಯವರ ಮಾತು, ನಮಗಲ್ಲ ಎಂದು ನಿಮ್ಮಲ್ಲಿ ಕೆಲವರು ಅಂದುಕೊಂಡಿರಬಹುದು. ಅದಕ್ಕಾಗಿ ದೂರದ ಒಂದು ಸಂಗತಿ ಹೇಳುತ್ತೇವೆ. ಇದು ಕಥೆಯಲ್ಲ, ನಡೆದದ್ದು, ಬರೆದಿಟ್ಟದ್ದು.

1778ರಲ್ಲಿ ಫ್ರಾನ್ಸ್ ದೇಶದ ಪ್ಯಾರಿಸ್ ಪಟ್ಟಣಕ್ಕೆ ಮೆಸ್ಮರ್ ಎಂಬ ವೈದ್ಯ ಬಂದ. ಜಗತ್ತಿನಲ್ಲೆಲ್ಲ ಒಂದು ಸೂಕ್ಷ್ಮ ದ್ರವ ತುಂಬಿದೆ, ಶರೀರದಲ್ಲಿ ಅದರ ಹರಿವು ಕೆಟ್ಟರೆ ಬೇನೆ, ಅದನ್ನು ಸರಿಪಡಿಸುವ ಅಯಸ್ಕಾಂತ ಶಕ್ತಿ ತನ್ನಲ್ಲಿದೆ ಎಂದು ಸಾರಿದ. ಓಕ್ ಮರದ ದೊಡ್ಡ ತೊಟ್ಟಿ ಮಾಡಿಸಿದ್ದ. ಅದರಿಂದ ಕಬ್ಬಿಣದ ಸರಳುಗಳು ಹೊರಗೆ ಬಂದಿರುತ್ತಿದ್ದವು. ರೋಗಿಗಳು ಸುತ್ತಲೂ ಕುಳಿತು, ನೋವಿದ್ದ ಜಾಗಕ್ಕೆ ಆ ಸರಳನ್ನು ಒತ್ತಿ ಹಿಡಿಯುವುದು. ಸ್ವಲ್ಪ ಹೊತ್ತಿಗೆ ಒಬ್ಬರಿಗೆ ಕೆಮ್ಮು, ಒಬ್ಬರಿಗೆ ನಗು, ಒಬ್ಬರಿಗೆ ಸೆಟೆತ. ನಮ್ಮ ಕಡೆ ದೇವರು ಮೈಮೇಲೆ ಬರುವುದನ್ನು ಕಂಡವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಎದ್ದ ಮೇಲೆ ಹಗುರವಾಯಿತು ಎನ್ನುತ್ತಿದ್ದರು. ಬಂದವರು ಬಡವರಷ್ಟೇ ಅಲ್ಲ, ಓದಿದವರು, ಶ್ರೀಮಂತರು, ರಾಜನ ಆಸ್ಥಾನದವರೂ ಬಂದರು.

1784ರಲ್ಲಿ ದೊರೆ 16ನೆಯ ಲೂಯಿ ಇದನ್ನು ಪರೀಕ್ಷಿಸಲು ಪಂಡಿತರ ಮಂಡಳಿಯನ್ನು ನೇಮಿಸಿದ. ಅದರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಇದ್ದ, ರಸಾಯನಶಾಸ್ತ್ರದ ಲವಾಸಿಯೆ ಇದ್ದ. ಫ್ರಾಂಕ್ಲಿನ್‌ಗೆ ಆಗ 78 ವರ್ಷ, ಮೂತ್ರಕೋಶದಲ್ಲಿ ಕಲ್ಲಿನ ಬಾಧೆ, ಓಡಾಡುವುದು ಕಷ್ಟ. ಆದ್ದರಿಂದ ಕೆಲವು ಪರೀಕ್ಷೆಗಳು ಪ್ಯಾರಿಸ್ ಹತ್ತಿರದ ಪಾಸಿ ಎಂಬಲ್ಲಿ ಅವನ ಮನೆಯಲ್ಲಿ, ತೋಟದಲ್ಲಿ ನಡೆದವು. ಮೆಸ್ಮರ್‌ನ ಶಿಷ್ಯ ದೆಲೋ ಎಂಬ ವೈದ್ಯ ಪರೀಕ್ಷೆಗೆ ಒಪ್ಪಿದ. ತೋಟದ ಒಂದು ಜರದಾಳು ಮರಕ್ಕೆ ತನ್ನ ಶಕ್ತಿ ತುಂಬಿದ. ಆ ಶಕ್ತಿ ಬೇಗ ತಾಗುವಂಥ ಹನ್ನೆರಡು ವರ್ಷದ ಹುಡುಗನನ್ನು ತಾನೇ ಆರಿಸಿ ತಂದಿದ್ದ. ಹುಡುಗನ ಕಣ್ಣು ಕಟ್ಟಿದರು. ಒಂದೊಂದಾಗಿ ನಾಲ್ಕು ಮರಗಳ ಹತ್ತಿರ ಕರೆದೊಯ್ದು ಅಪ್ಪಿಕೊಳ್ಳಲು ಹೇಳಿದರು. ಮೊದಲನೆಯ ಮರದ ಹತ್ತಿರ ಅವನು ಬೆವರಿದ, ಕೆಮ್ಮಿದ. ಎರಡನೆಯದಕ್ಕೆ ತಲೆ ಭಾರವಾಯಿತು. ಮೂರನೆಯದಕ್ಕೆ ಎಲ್ಲವೂ ಹೆಚ್ಚಿತು. ನಾಲ್ಕನೆಯ ಮರವನ್ನು ಅಪ್ಪಿದಾಗ ಎಚ್ಚರ ತಪ್ಪಿ ಬಿದ್ದ. ಕೈಕಾಲು ಸೆಟೆದವು, ಎತ್ತಿಕೊಂಡು ಹೋಗಿ ಹುಲ್ಲಿನ ಮೇಲೆ ಮಲಗಿಸಬೇಕಾಯಿತು.

ಶಕ್ತಿ ತುಂಬಿದ ಜರದಾಳು ಮರ ಎಲ್ಲಿತ್ತು? ಅಲ್ಲಿಂದ 24 ಅಡಿ ಆಚೆ ಇತ್ತು. ಹುಡುಗ ಅದನ್ನು ಮುಟ್ಟಿಯೇ ಇರಲಿಲ್ಲ.

ದೆಲೋ ಏನು ಹೇಳಿದ ಗೊತ್ತೇ? ಎಲ್ಲ ಮರಗಳಲ್ಲಿಯೂ ಹುಟ್ಟಿನಿಂದಲೇ ಸ್ವಲ್ಪ ಈ ಶಕ್ತಿ ಇರುತ್ತದೆ ಎಂದ. ಮಂಡಳಿಯವರು ಬರೆದರು: ಹಾಗಿದ್ದರೆ ಈ ಶಕ್ತಿ ತಾಗುವಂಥವರು ಯಾರೂ ತೋಟದಲ್ಲಿ ತಿರುಗಾಡುವ ಹಾಗೆಯೇ ಇಲ್ಲ, ಹೆಜ್ಜೆಗೊಮ್ಮೆ ಬೀಳಬೇಕಾದೀತು. ಕೊನೆಗೆ ಅವರು ಕೊಟ್ಟ ತೀರ್ಪು ಇದು. ಅಯಸ್ಕಾಂತ ಶಕ್ತಿ ಇಲ್ಲದೆಯೂ ಕಲ್ಪನೆಯೊಂದೇ ಮನುಷ್ಯನನ್ನು ಕೆಡವಬಲ್ಲದು. ಕಲ್ಪನೆ ಇಲ್ಲದಿದ್ದರೆ ಆ ಶಕ್ತಿ ಏನನ್ನೂ ಮಾಡಲಾರದು.

ಇನ್ನೊಂದು ಇಂಥದೇ. ಅಮೆರಿಕದ ಎಲಿಷಾ ಪರ್ಕಿನ್ಸ್ ಎಂಬ ವೈದ್ಯ ಲೋಹದ ಎರಡು ಕಡ್ಡಿ ಮಾಡಿದ. ಮೂರು ಇಂಚು ಉದ್ದ. ನೋವಿದ್ದಲ್ಲಿ ಎಳೆದರೆ ನೋವು ಹೊರಗೆ ಬರುತ್ತದೆ ಎಂದ. 1796ರಲ್ಲಿ ಸರಕಾರದಿಂದ ಅದಕ್ಕೆ ಹಕ್ಕುಪತ್ರವನ್ನೂ ಪಡೆದ. ಲಂಡನ್ನಿನಲ್ಲಿ ಆ ಜೋಡಿಗೆ ಐದು ಗಿನಿ ಬೆಲೆ. ಇಂಗ್ಲೆಂಡಿನ ಬಾತ್ ಎಂಬ ಊರಲ್ಲಿ ಹೇಗಾರ್ಥ್ ಎಂಬ ಡಾಕ್ಟರ್ ಇದ್ದ, ಜಾಣ. 1799ರಲ್ಲಿ ಕಟ್ಟಿಗೆಯಲ್ಲಿ ಅಂಥದೇ ಕಡ್ಡಿ ಮಾಡಿಸಿ, ಲೋಹದ ಹಾಗೆ ಕಾಣುವಂತೆ ಬಣ್ಣ ಬಳಿಸಿ, ಐವರು ರೋಗಿಗಳ ಮೇಲೆ ಎಳೆದ. ಐವರಲ್ಲಿ ನಾಲ್ವರು ನೋವು ಇಳಿಯಿತು ಎಂದರು. ಮರುದಿನ ನಿಜವಾದ ಲೋಹದ ಕಡ್ಡಿ ಎಳೆದ. ಫಲ ಅಷ್ಟೇ.

ಅದೇ 1799ರಲ್ಲಿ ಪರ್ಕಿನ್ಸ್ ನ್ಯೂಯಾರ್ಕಿಗೆ ಹೋದ. ಅಲ್ಲಿ ಹಳದಿ ಜ್ವರ ಹಬ್ಬಿತ್ತು. ತಾನು ಕಂಡುಹಿಡಿದ ಇನ್ನೊಂದು ಔಷಧದಿಂದ ಅದನ್ನು ಗೆಲ್ಲುತ್ತೇನೆಂದು ಹೋದವನು ಅದೇ ಜ್ವರದಿಂದ ತೀರಿಕೊಂಡ. ಅವನು ಮೋಸಗಾರನಾಗಿರಲಿಲ್ಲ ಎಂದೇ ನಮಗೆ ಅನಿಸುತ್ತದೆ. ಮೋಸಗಾರ ಜ್ವರವಿದ್ದ ಊರಿಗೆ ಹೋಗುವುದಿಲ್ಲ. ಅವನು ನಂಬಿದ್ದ. ಆದರೆ ಕಡ್ಡಿಯ ಮಾತನ್ನು ಮೊಣಕಾಲಿನ ನೋವು ಕೇಳಿತ್ತು, ಜ್ವರ ಕೇಳಲಿಲ್ಲ. ಇದನ್ನು ನೆನಪಿನಲ್ಲಿಡಿರಿ, ಮುಂದೆ ಇದರ ಕೆಲಸ ಇದೆ.

ಹಾಗಾದರೆ ಆ ನಾಲ್ವರ ನೋವು ಸುಳ್ಳೇ? ಇಳಿದದ್ದು ಸುಳ್ಳೇ? ಇಲ್ಲಿ ಅವಸರ ಮಾಡಬಾರದು. 1978ರಲ್ಲಿ ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ದವಡೆ ಹಲ್ಲು ಕೀಳಿಸಿಕೊಂಡವರ ಮೇಲೆ ಒಂದು ಪರೀಕ್ಷೆ ನಡೆಯಿತು. ನೋವಿನ ಔಷಧವಿರಬಹುದೆಂದು ಹೇಳಿ, ಔಷಧವೇ ಇಲ್ಲದ್ದನ್ನು ಕೊಟ್ಟರು. ಕೆಲವರ ನೋವು ಇಳಿಯಿತು. ಅನಂತರ ನಲೋಕ್ಸೋನ್ ಎಂಬ ಇನ್ನೊಂದು ಔಷಧ ಕೊಟ್ಟರು. ಅಫೀಮಿನಂಥ ವಸ್ತುಗಳ ಪ್ರಭಾವವನ್ನು ತಡೆಯುವುದು ಅದರ ಗುಣ. ಕೊಟ್ಟ ಕೂಡಲೇ, ಇಳಿದಿದ್ದವರ ನೋವು ಮತ್ತೆ ಏರಿತು. ಇದರ ಅರ್ಥವೇನು? ನಂಬಿಕೆ ಹುಟ್ಟಿದಾಗ ನಮ್ಮ ಶರೀರವೇ ತನ್ನೊಳಗೆ ನೋವು ಅಡಗಿಸುವ ವಸ್ತುವನ್ನು ಬಿಡುತ್ತದೆ. ಅಂದ ಮೇಲೆ ಆ ಹಗುರ ನಾಟಕವಲ್ಲ. ಮನೆಯಲ್ಲಿ ಯಾರಾದರೂ ನೋವು ಎಂದಾಗ "ಎಲ್ಲ ನಿನ್ನ ಮನಸಿಂದು" ಎಂದು ಗದರಿಸುವವರಿದ್ದೀರಲ್ಲ, ವಿಶೇಷವಾಗಿ ಸೊಸೆಯಂದಿರನ್ನು, ನೀವು ಇದನ್ನು ಕೇಳಬೇಕು. ಮನಸ್ಸಿನಿಂದ ಹುಟ್ಟಿದ ನೋವೂ ನೋವೇ.

ಮಾತು ನೋವು ಇಳಿಸುವ ಹಾಗೆ ಏರಿಸಲೂ ಬಲ್ಲದು. ಇದು ನಮ್ಮ ಊರುಗಳಲ್ಲಿ ಈಗ ನಡೆಯುತ್ತಿರುವುದು. ರಕ್ತದಲ್ಲಿ ಕೊಬ್ಬು ಹೆಚ್ಚಿದ್ದರೆ ಡಾಕ್ಟರು ಸ್ಟಾಟಿನ್ ಎಂಬ ಗುಳಿಗೆ ಬರೆದುಕೊಡುತ್ತಾರೆ, ಹೃದಯಾಘಾತ ತಡೆಯಲಿಕ್ಕೆ. ಗುಳಿಗೆ ಮನೆಗೆ ಬರುವುದಕ್ಕೆ ಮೊದಲೇ ಮಾತು ಬಂದಿರುತ್ತದೆ: "ಅದನ್ನ ತಗೊಂಡ್ರ ಮೈಕೈ ನೋವು ಬರ್ತಾವ." ಮೊಬೈಲಿನಲ್ಲಿಯೂ ಬಂದಿರುತ್ತದೆ. ಎಂಟು ದಿನದಲ್ಲಿ ಮೈಕೈ ನೋವು ಬರುತ್ತದೆ, ಗುಳಿಗೆ ಮೂಲೆ ಸೇರುತ್ತದೆ.

ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು ಇದನ್ನು ಬಹಳ ಚೆನ್ನಾಗಿ ಪರೀಕ್ಷಿಸಿದರು. ಅದು 2020ರಲ್ಲಿ ಪ್ರಕಟವಾಯಿತು. ಹೀಗೆ ತೊಂದರೆಯಾಗಿ ಗುಳಿಗೆ ಬಿಟ್ಟಿದ್ದ 60 ಜನರನ್ನು ಕೂಡಿಸಿದರು. ಒಬ್ಬೊಬ್ಬರಿಗೂ ವರ್ಷಕ್ಕೆ 12 ಸೀಸೆ. ನಾಲ್ಕರಲ್ಲಿ ನಿಜವಾದ ಗುಳಿಗೆ, ನಾಲ್ಕರಲ್ಲಿ ಔಷಧವಿಲ್ಲದ ಗುಳಿಗೆ, ನಾಲ್ಕು ಖಾಲಿ. ಗುಳಿಗೆ ಇದ್ದ ಸೀಸೆಗಳಲ್ಲಿ ಯಾವುದು ನಿಜ, ಯಾವುದು ಬರಿದು ಎಂದು ಅವರಿಗೆ ಗೊತ್ತಿಲ್ಲ. ದಿನಾಲು ತಮಗಾದ ತೊಂದರೆಗೆ ಸೊನ್ನೆಯಿಂದ ನೂರರ ವರೆಗೆ ಅಂಕ ಹಾಕಬೇಕು. ಖಾಲಿ ಸೀಸೆಯ ತಿಂಗಳಲ್ಲಿ ಸರಾಸರಿ 8 ಅಂಕ. ನಿಜವಾದ ಗುಳಿಗೆಯ ತಿಂಗಳಲ್ಲಿ 16.3. ಔಷಧವೇ ಇಲ್ಲದ ಗುಳಿಗೆಯ ತಿಂಗಳಲ್ಲಿ? 15.4. ಅಂದರೆ ಗುಳಿಗೆಯಿಂದ ಬಂತೆಂದು ತಿಳಿದ ತೊಂದರೆಯಲ್ಲಿ ನೂರಕ್ಕೆ 90 ಭಾಗ ಬರಿದಾದ ಗುಳಿಗೆಯಿಂದಲೂ ಬಂದಿತ್ತು. ಗುಳಿಗೆ ನುಂಗಿದೆ ಎಂಬ ಭಾವನೆಯೇ ಅಷ್ಟು ಕೆಲಸ ಮಾಡಿತ್ತು. ತಮ್ಮ ಲೆಕ್ಕವನ್ನು ತಮಗೇ ತೋರಿಸಿದಾಗ ಅವರಲ್ಲಿ ಅರ್ಧ ಜನ ಗುಳಿಗೆ ಮತ್ತೆ ಆರಂಭಿಸಿದರು. ಯಾರೂ ಅವರಿಗೆ ಉಪದೇಶ ಮಾಡಲಿಲ್ಲ, ಗದರಿಸಲಿಲ್ಲ, ಲೆಕ್ಕ ತೋರಿಸಿದರು, ಅಷ್ಟೇ. ನಮಗೆ ಬಹಳ ಹಿಡಿಸಿದ್ದು ಈ ಭಾಗ.

ಹಾಗೆಂದು ಎಲ್ಲ ತೊಂದರೆಯೂ ಭಾವನೆ ಎಂದು ತಿಳಿಯಬೇಡಿರಿ. ಕೆಲವರಿಗೆ, ವಿರಳವಾಗಿ, ಆ ಗುಳಿಗೆ ನಿಜವಾಗಿಯೂ ಸ್ನಾಯುಗಳಿಗೆ ಅಪಾಯ ಮಾಡುತ್ತದೆ. ಅದನ್ನು ರಕ್ತ ನೋಡಿ ಹೇಳುವವರು ಡಾಕ್ಟರು, ಅಗಸಿಯಲ್ಲಿ ಕುಂತವರಲ್ಲ.

ಈಗ ಮಠದ ಮಾತಿಗೆ ಬರೋಣ. ಹೋದ ಚಳಿಗಾಲದಲ್ಲಿ ಒಬ್ಬ ತಾಯಿ ಒಂಬತ್ತು ವರ್ಷದ ಮಗಳನ್ನು ಕರೆದುಕೊಂಡು ಬಂದಳು. ಮಗುವಿಗೆ ದಮ್ಮು. ಡಾಕ್ಟರು ದಿನಾ ಎರಡು ಹೊತ್ತು ಎಳೆದುಕೊಳ್ಳಲು ಒಂದು ಪಂಪು ಕೊಟ್ಟಿದ್ದರು. ದಮ್ಮು ಏರಿದಾಗ ಬೇರೆ ಒಂದು. ಆ ತಾಯಿ ಹೇಳಿದಳು: "ಅಪ್ಪಾರ, ಹೋದ ಸರ್ತಿ ನೀವು ವಿಭೂತಿ ಹಚ್ಚಿ ತಲಿ ಮ್ಯಾಲ ಕೈ ಇಟ್ರಿ. ಅವತ್ತಿನಿಂದ ಕೂಸು ಹಗುರ ಆಗೇತಿ. ಇನ್ನ ಆ ಪಂಪ್ ಬಿಡಿಸಿಬಿಡ್ತೀನ್ರಿ. ಅದು ಚಟಾ ಬೀಳತೈತಂತ, ಓಣ್ಯಾಗಿನವರೆಲ್ಲ ಹೇಳ್ತಾರ." ನಾವು ಮಗುವನ್ನು ಕೇಳಿದೆವು. ಅದೂ ನಗುತ್ತ, "ಹಗುರ ಆಗೇತ್ರಿ" ಎಂದಿತು. ತಾಯಿಯೂ ಸುಳ್ಳು ಹೇಳಲಿಲ್ಲ, ಮಗುವೂ ಹೇಳಲಿಲ್ಲ.

ಇದಕ್ಕೆ ಏನು ಹೇಳಬೇಕು? ಸಂತೋಷಪಟ್ಟು ಇನ್ನಷ್ಟು ವಿಭೂತಿ ಕೊಟ್ಟು ಕಳಿಸಬಹುದಿತ್ತು. ಮಠದ ಕೀರ್ತಿ ಹೆಚ್ಚುತ್ತಿತ್ತು. ಆದರೆ ಆ ಮಗುವಿನ ಶ್ವಾಸನಾಳದ ಒಳಪದರ ಬಾತಿರುತ್ತದೆ, ಸುತ್ತಲಿನ ಸ್ನಾಯು ಬಿಗಿಯುತ್ತದೆ, ಗಾಳಿಯ ದಾರಿ ಕಿರಿದಾಗುತ್ತದೆ. ನಮ್ಮ ಕೈ ತಲೆಯ ಮೇಲಿತ್ತು. ಗಾಳಿಯ ದಾರಿ ಎಷ್ಟು ತೆರೆಯಿತು ಎಂದು ನಮಗೆ ಕಾಣುವುದಿಲ್ಲ, ಆ ತಾಯಿಗೂ ಕಾಣುವುದಿಲ್ಲ, ಮಗುವಿಗೂ ಕಾಣುವುದಿಲ್ಲ.

ಇದನ್ನೇ 2011ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಪರೀಕ್ಷಿಸಿದ್ದಾರೆ. ದಮ್ಮಿನ 39 ರೋಗಿಗಳು. ಒಂದು ದಿನ ಔಷಧವಿದ್ದ ಪಂಪು, ಒಂದು ದಿನ ಔಷಧವಿಲ್ಲದ ಪಂಪು, ಒಂದು ದಿನ ಸೂಜಿ ಚಿಕಿತ್ಸೆಯ ಬರಿಯ ನಟನೆ, ಒಂದು ದಿನ ಏನೂ ಇಲ್ಲ, ಸುಮ್ಮನೆ ಕೂಡಿಸುವುದು. ಹೀಗೆ ಸರದಿಯಂತೆ ಮತ್ತೆ ಮತ್ತೆ. ಮೊದಲು ರೋಗಿಗಳನ್ನೇ ಕೇಳಿದರು, ಎಷ್ಟು ಹಗುರವಾಯಿತು ಎಂದು. ಔಷಧವಿದ್ದ ಪಂಪಿಗೆ ನೂರಕ್ಕೆ 50ರಷ್ಟು ಎಂದರು. ಬರಿದಾದ ಪಂಪಿಗೆ 45. ಸೂಜಿಯ ನಟನೆಗೆ 46. ಸುಮ್ಮನೆ ಕುಳಿತದ್ದಕ್ಕೆ 21. ರೋಗಿಯ ಮಾತನ್ನೇ ನಂಬಿದರೆ ಔಷಧಕ್ಕೂ ನಟನೆಗೂ ಏನೂ ಭೇದವಿಲ್ಲ.

ಆಮೇಲೆ ಯಂತ್ರದಲ್ಲಿ ಊದಿಸಿದರು. ಒಂದು ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಗೆ ಬರುತ್ತದೆ ಎಂದು ಅದು ಅಳೆಯುತ್ತದೆ. ಔಷಧವಿದ್ದ ಪಂಪಿಗೆ ಗಾಳಿ ನೂರಕ್ಕೆ 20ರಷ್ಟು ಹೆಚ್ಚಿತು. ಬರಿದಾದ ಪಂಪು, ಸೂಜಿಯ ನಟನೆ, ಸುಮ್ಮನೆ ಕೂಡುವುದು, ಈ ಮೂರಕ್ಕೂ ಸುಮಾರು 7 ಮಾತ್ರ. ಮನಸ್ಸು ಹಗುರವಾಗಿತ್ತು, ಪುಪ್ಪುಸ ಆಗಿರಲಿಲ್ಲ.

ನೋಡಿರಿ, ಮಾತು ಎಲ್ಲಿಯವರೆಗೆ ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ. ನೋವು, ವಾಕರಿಕೆ, ದಣಿವು, ನಿದ್ದೆ, ಅಂಜಿಕೆ ಇವುಗಳ ವರೆಗೆ ಹೋಗುತ್ತದೆ. ಬಾತ ಶ್ವಾಸನಾಳ ತೆರೆಯಬೇಕು, ಕ್ಷಯದ ಕ್ರಿಮಿ ಸಾಯಬೇಕು, ಸಕ್ಕರೆ ಇಳಿಯಬೇಕು ಎಂದರೆ ಬೇರೆ ಸಾಧನ ಬೇಕು. ಅಪಾಯ ಇರುವುದು ಇಲ್ಲಿಯೇ. ಹಗುರವಾಯಿತು ಎಂಬ ಅನುಭವವೇ ವಾಸಿಯಾಯಿತು ಎಂಬ ಸಾಕ್ಷಿಯಾಗಿ ಬಿಡುತ್ತದೆ. ದಮ್ಮಿನಲ್ಲಿ ಹೀಗೆ ಮೋಸಹೋದರೆ ಒಂದು ರಾತ್ರಿ ಸಾಕು.

ಹಾವಿನ ಮಂತ್ರದ್ದೂ ಇದೇ ಕಥೆ. ಮಂತ್ರ ಹಾಕಿಸಿಕೊಂಡು ಬದುಕಿದವರನ್ನು ನೀವು ಕಂಡಿದ್ದೀರಿ, ಇಲ್ಲವೆನ್ನುವುದಿಲ್ಲ. ಕಚ್ಚಿದ್ದು ಕೇರೆ ಹಾವೋ, ನೀರು ಹಾವೋ ಆಗಿರಬಹುದು, ಅದಕ್ಕೆ ವಿಷವಿಲ್ಲ. ನಾಗರ ಹಾವೇ ಆದರೂ ಕೆಲವು ಸಲ ಹಲ್ಲು ಊರಿ ವಿಷ ಬಿಡದೆ ಹೋಗುತ್ತದೆ. ಅಂಜಿಕೆಯಿಂದ ಎಚ್ಚರ ತಪ್ಪಿದವನು ಮಂತ್ರ ಕೇಳಿ ಎದ್ದು ಕೂಡುತ್ತಾನೆ. ಹೆಸರು ಮಂತ್ರಕ್ಕೆ ಬರುತ್ತದೆ. ಮುಂದಿನ ಸಲ ನಿಜವಾಗಿ ವಿಷವೇರಿದವನನ್ನೂ ಅಲ್ಲಿಗೇ ಒಯ್ಯುತ್ತಾರೆ. 2000ದಿಂದ 2019ರ ವರೆಗೆ ನಮ್ಮ ದೇಶದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಎಂದು ಅಂದಾಜು ಮಾಡಿದ್ದಾರೆ, ವರ್ಷಕ್ಕೆ 58,000. ಬಹುಪಾಲು ಹಳ್ಳಿಯವರು. ವಿಷಕ್ಕೆ ಪ್ರತಿವಿಷದ ಸೂಜಿಮದ್ದು ಬೇಕು, ಅದು ಇರುವುದು ಆಸ್ಪತ್ರೆಯಲ್ಲಿ.

ಆ ತಾಯಿಗೆ ನಾವು ಹೇಳಿದ್ದು ಇಷ್ಟು. "ತಂಗೀ, ವಿಭೂತಿ ಹಚ್ಚಿಕೊಂಡು ಹೋಗು, ಬೇಡ ಅನ್ನುವುದಿಲ್ಲ. ಆದರೆ ಪಂಪು ಬಿಡಿಸಬೇಕೋ ಬೇಡವೋ ಎಂಬುದನ್ನು ಊದುವ ಯಂತ್ರ ಹೇಳಬೇಕು, ನಾವು ಹೇಳಬಾರದು. ಚಟ ಬೀಳುತ್ತದೆ ಎಂದವರು ದಮ್ಮು ಏರಿದ ರಾತ್ರಿ ಬಂದು ಕೂಸಿನ ಹತ್ತಿರ ಕೂಡುವುದಿಲ್ಲ." ಅವಳಿಗೆ ಅಷ್ಟು ಸಮಾಧಾನವಾದಂತೆ ಕಾಣಲಿಲ್ಲ. ಆದರೂ ಡಾಕ್ಟರ ಹತ್ತಿರ ಹೋದಳು. ಅವರು ಊದಿಸಿ ನೋಡಿ, ಪಂಪು ಇನ್ನೂ ಬೇಕು ಎಂದರು. ಮಗು ಈಗಲೂ ತೆಗೆದುಕೊಳ್ಳುತ್ತಿದೆ.

ಒಬ್ಬ ಹಿರಿಯರು ನಮ್ಮನ್ನು ಕೇಳಿದರು: "ಹಂಗಾದ್ರ ಅಪ್ಪಾರ, ವಿಭೂತಿ ಕೊಡೋದು ಬಿಟ್ಟಬಿಡ್ರಿ ಮತ್ತ." ಅದೇಕೆ ಬಿಡಬೇಕು? ಕಾಯಿಲೆಯವನಿಗೆ ಔಷಧ ಬೇಕು, ಅಂಜಿಕೆಗೆ ಒಂದು ಕೈ ಬೇಕು. ಎರಡಕ್ಕೂ ಜಗಳವಿಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನವರು ಇದ್ದರು. ವೈದ್ಯವೇ ಅವರ ಕಾಯಕ. ಆ ಕಾಯಕಕ್ಕೆ ಅಡ್ಡ ಬರುವುದು ಮಠದ ಕೆಲಸವಲ್ಲ. ಆದ್ದರಿಂದ ಈಗ ನಾವು ಒಂದು ಪದ್ಧತಿ ಇಟ್ಟುಕೊಂಡಿದ್ದೇವೆ. ಬೇನೆ ಎಂದು ಬಂದವರಿಗೆ ಮೊದಲು ಡಾಕ್ಟರ ಚೀಟಿ ತೋರಿಸು ಎನ್ನುತ್ತೇವೆ, ಆಮೇಲೆ ವಿಭೂತಿ.

ಇನ್ನು, ರೋಗಿಯನ್ನು ನೋಡಲು ಹೋಗುವವರಿಗೆ ಒಂದು ಮಾತು. ಬಾಳೆಹಣ್ಣು ಒಯ್ಯಿರಿ, ಎಳನೀರು ಒಯ್ಯಿರಿ. ಅದೇ ಬೇನೆಯಿಂದ ಸತ್ತವರ ಪಟ್ಟಿ ಒಯ್ಯಬೇಡಿರಿ. ಮಲಗಿದವನ ಎದುರು ಕಣ್ಣೀರು ಒರೆಸಿಕೊಂಡು, ಹೊರಗೆ ಬಂದು ಜಗಲಿಯ ಮೇಲೆ ಪಿಸುಮಾತು ಆಡಿದರೆ ಅವನಿಗೆ ಕೇಳಿಸುವುದಿಲ್ಲವೆಂದು ತಿಳಿದಿದ್ದೀರಾ? ಮಲಗಿದವನ ಕಿವಿ ಬಹಳ ಚುರುಕು. ಸುಳ್ಳು ಧೈರ್ಯವೂ ಬೇಡ, "ಏನೂ ಆಗಿಲ್ಲ, ಎದ್ದು ಕೂಡು" ಎಂದರೆ ಅವನು ನಂಬುವುದಿಲ್ಲ. ಔಷಧ ಹೊತ್ತಿಗೆ ತೆಗೆದುಕೊಂಡೆಯಾ, ರಾತ್ರಿ ನಿದ್ದೆ ಬಂತೇ, ನಾಳೆ ಹೊಲಕ್ಕೆ ನೀರು ನಾನು ಬಿಡುತ್ತೇನೆ ಎಂದು ಹೇಳಿ ಬನ್ನಿರಿ.

ಸಭೆಯಲ್ಲಿ ರಕ್ತದೊತ್ತಡದ್ದೋ ಸಕ್ಕರೆಯದ್ದೋ ಗುಳಿಗೆಯನ್ನು ಯಾರದೋ ಮಾತು ಕೇಳಿ ಬಿಟ್ಟವರು ಇದ್ದೇ ಇರುತ್ತೀರಿ. ಇಲ್ಲಿ ಕೈ ಎತ್ತುವುದು ಬೇಡ. ಪ್ರಸಾದ ತೆಗೆದುಕೊಂಡ ಮೇಲೆ, ಹಳೆಯ ಚೀಟಿ ಇದ್ದರೆ ಅದನ್ನೂ ಹಿಡಿದುಕೊಂಡು, ನಮ್ಮನ್ನು ಕಂಡೇ ಹೋಗಿರಿ. ನಾಳೆ ಬೆಳಿಗ್ಗೆ ಯಾವ ಡಾಕ್ಟರ ಹತ್ತಿರ ಹೋಗಬೇಕು, ಜೊತೆಗೆ ಯಾರು ಬರಬೇಕು ಎಂಬುದನ್ನು ಕೂಡಿ ಗೊತ್ತು ಮಾಡೋಣ.